ಆ ರಮಝಾನಿನ ಬಾಕಿ

ಬರುವ ತಿಂಗಳಿಂದ ನಮ್ಮ ಕಾಲೇಜಿನ ಲೈಬ್ರರಿ ಪಕ್ಕದ, ಮಕ್ಕಳು ಬಂದು ಮನಸ್ಸು ಹಗುರ ಮಾಡಿಕೊಳ್ಳುವ ಸಣ್ಣ ಕೋಣೆಯ ಬೀಗದ ಕೈ ನನ್ನ ಹತ್ತಿರ ಇರುವುದಿಲ್ಲ. ಸೈಕಾಲಜಿ ಪಾಠ ಮಾಡುವ ಕಿರಿಯ ಟೀಚರ್ ಒಬ್ಬರಿಗೆ ಕೊಡುತ್ತಿದ್ದೇನೆ. ಅದಕ್ಕೂ ಮೊದಲು ಕೆಲವರಿಗೆ ಥ್ಯಾಂಕ್ಸ್ ಹೇಳುವುದು ಉಳಿದಿದೆ. ನಾನು ಕಾಮರ್ಸ್ ಟೀಚರ್. ಬಾಕಿ ಇಟ್ಟುಕೊಂಡು ಪುಸ್ತಕ ಮುಚ್ಚುವುದು ನನಗೆ ಆಗುವುದಿಲ್ಲ.

ಯಾರ ಹೆಸರನ್ನೂ ಹಾಕುವುದಿಲ್ಲ. ಓದಿದರೆ ಅವರವರಿಗೆ ಗೊತ್ತಾಗುತ್ತದೆ.

ಎಲ್ಲ ಶುರುವಾದದ್ದು 2020ರ ಮಾರ್ಚ್ 22ಕ್ಕೆ, ಕೊರೋನಾದ ಜನತಾ ಕರ್ಫ್ಯೂ ದಿನ. ಹುಡುಗಿಯರ ಹಾಸ್ಟೆಲ್‌ನ ವಾರ್ಡನ್ ಊರಿಗೆ ಹೋಗಿದ್ದರು. ಒಂದು ಭಾನುವಾರ ಅಲ್ವಾ ಅಂತ ನಾನು ಎರಡು ಜೊತೆ ಬಟ್ಟೆ ಹಿಡಿದುಕೊಂಡು ಬಂದು ಕೂತಿದ್ದೆ. ನನ್ನ ಮನೆ ಮಂಜೇಶ್ವರದಲ್ಲಿ. ಮಂಗಳೂರಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸು. ದಿನಾ ಬಸ್ಸಲ್ಲಿ ಬಂದು ಹೋಗುವವಳು ನಾನು. ತಲಪಾಡಿ ಅಂದರೆ ನಮಗೆ ಟೋಲ್ ಗೇಟ್ ಇರುವ ಜಾಗ ಅಷ್ಟೆ. ಅದು ಎರಡು ರಾಜ್ಯಗಳ ಗಡಿ ಅಂತ ನೆನಪಾಗಿದ್ದೇ ಅದನ್ನು ಮುಚ್ಚಿದ ಮೇಲೆ. ಒಳದಾರಿಗಳಿಗೆ ಲಾರಿಯಲ್ಲಿ ಮಣ್ಣು ತಂದು ಸುರಿದರು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಕಡೆಯ ರೋಗಿಗಳು ಆಚೆಯೇ ಉಳಿದರು. ನನ್ನ ಉಮ್ಮ, ಅಂದರೆ ಅಮ್ಮ, ಆಚೆ; ಅವರ ಬಿಪಿ ಮಾತ್ರೆ ಕೊಳ್ಳುವ ಅಂಗಡಿ ಈಚೆ. ಎರಡು ಜೊತೆ ಬಟ್ಟೆಯಲ್ಲಿ ನಾನು ಎರಡು ತಿಂಗಳು ಕಳೆದೆ.

ಹಾಸ್ಟೆಲ್‌ನಲ್ಲಿ ಊರಿಗೆ ಹೋಗಲಾಗದೆ ಉಳಿದವರು ಹತ್ತೊಂಬತ್ತು ಮಂದಿ. ಎಲ್ಲ ಪಿಜಿ ಹುಡುಗಿಯರು. ಅದರಲ್ಲಿ ಒಂಬತ್ತು ಮಂದಿ ನಮ್ಮ ಮುಸ್ಲಿಂ ಮಕ್ಕಳು. ಒಬ್ಬಳು ಕಲಬುರಗಿಯವಳು. ದೇಶದಲ್ಲೇ ಮೊದಲ ಕೊರೋನಾ ಸಾವು ಮಾರ್ಚ್ 10ಕ್ಕೆ ಅವಳ ಊರಲ್ಲೇ ಆಗಿತ್ತು. "ಏನಾದ್ರೂ ಆಗ್ಲಿ, ಬರಬ್ಯಾಡ" ಅಂತ ಅವಳ ಅಮ್ಮ ಫೋನ್‌ನಲ್ಲಿ ಅಳುತ್ತಿದ್ದರು. ಇನ್ನೊಬ್ಬಳು ಲಕ್ಷದ್ವೀಪದ ಅಮಿನಿಯವಳು. ಅವಳ ಕಷ್ಟ ಉಲ್ಟಾ. ದ್ವೀಪದಲ್ಲಿ ರೋಗವೇ ಇರಲಿಲ್ಲ. ಅಲ್ಲಿ ಮೊದಲ ಕೇಸ್ ಬಂದದ್ದೇ 2021ರ ಜನವರಿಯಲ್ಲಿ. ಅದಕ್ಕೇ ಹೊರಗಿಂದ ಯಾರನ್ನೂ ಸುಲಭದಲ್ಲಿ ಒಳಗೆ ಬಿಡುತ್ತಿರಲಿಲ್ಲ, ಸ್ವಂತ ಮಕ್ಕಳನ್ನೂ. ಇನ್ನಿಬ್ಬರ ಅಪ್ಪಂದಿರು ಗಲ್ಫ್‌ನಲ್ಲಿ. ಕೆಲಸ ಹೋಗಿದೆ, ವಿಮಾನ ಇಲ್ಲ. ಹೊರದೇಶದಲ್ಲಿ ಸಿಕ್ಕಿಬಿದ್ದವರನ್ನು ಕರೆತರುವ ವಂದೇ ಭಾರತ್ ವಿಮಾನ ದುಬೈಯಿಂದ ಮಂಗಳೂರಿಗೆ ಮೊದಲು ಬಂದದ್ದು ಮೇ 12ರ ರಾತ್ರಿ. ಅಲ್ಲಿವರೆಗೆ ಆ ಇಬ್ಬರು ನಿದ್ದೆ ಮಾಡಿದ್ದನ್ನು ನಾನು ನೋಡಿಲ್ಲ.

ಮೊದಲ ಥ್ಯಾಂಕ್ಸ್ ನಮ್ಮ ಫಾದರ್‌ಗೆ. ನಮ್ಮದು ಕ್ರೈಸ್ತ ಆಡಳಿತದ ಕಾಲೇಜು. ಕ್ಯಾಂಪಸ್‌ನಲ್ಲಿ ಒಬ್ಬರು ಚಾಪ್ಲಿನ್ ಇರುತ್ತಾರೆ. ಪಾಠ ಮಾಡುವವರಲ್ಲ, ಪ್ರಿನ್ಸಿಪಾಲರೂ ಅಲ್ಲ. ಮಕ್ಕಳು ಅಳುವುದಾದರೆ ಹೋಗಿ ಅಳುವ ಜಾಗ, ಅಷ್ಟೆ. ಮಾರ್ಚ್ ಕೊನೆಗೆ ಅವರು ಹಾಸ್ಟೆಲ್ ಗೇಟಿನ ಹೊರಗೆ ಮಾಸ್ಕ್ ಹಾಕಿಕೊಂಡು ನಿಂತು ಕೇಳಿದರು: "ಟೀಚರ್, ನನ್ನ ಮಕ್ಕಳಿಗೆ ನಾನು ಇದ್ದೇನೆ. ನಿಮ್ಮ ಮಕ್ಕಳಿಗೆ ಯಾರುಂಟು?"

ನಾನು ನಕ್ಕೆ. ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ ಫಾದರ್, ನಮಾಝ್ ಬಗ್ಗೆ ಕೇಳಬೇಕಾದರೆ ಧರ್ಮ ಕಲಿಸುವ ಉಸ್ತಾದ್ ಇದ್ದಾರೆ ಅಂದೆ. "ನಮಾಝ್ ಬಗ್ಗೆ ಅಲ್ಲ ನಾನು ಕೇಳಿದ್ದು" ಅಂದರು.

ಆಮೇಲೆ ಗೇಟಿನ ಆಚೆಯಿಂದಲೇ ಒಂದು ಕಥೆ ಹೇಳಿದರು. ಸಂತ ಮಾರ್ಟಿನ್ ಎಂಬ ಸಿಪಾಯಿ ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನನ್ನು ಕಂಡು ತನ್ನ ಮೇಲಂಗಿಯನ್ನು ಕತ್ತಿಯಲ್ಲಿ ಎರಡು ತುಂಡು ಮಾಡಿ ಅರ್ಧ ಕೊಟ್ಟನಂತೆ. ಉಳಿದ ಅರ್ಧವನ್ನು ಜನ ಜೋಪಾನ ಮಾಡಿದರು. ಲ್ಯಾಟಿನ್‌ನಲ್ಲಿ ಆ ಮೇಲಂಗಿಯ ಹೆಸರಿನಿಂದಲೇ ಚಾಪೆಲ್, ಚಾಪ್ಲಿನ್ ಎಂಬ ಎರಡೂ ಮಾತು ಹುಟ್ಟಿದವು. "ಅರ್ಧ ಅಂಗಿ ಸಾಕು ಟೀಚರ್, ಪೂರ್ತಿ ಬೇಡ" ಅಂದರು. ನನ್ನ ಹತ್ತಿರ ಇದ್ದದ್ದೇ ಎರಡು ಜೊತೆ ಮಾರಾಯ್ರೆ ಅಂತ ಮನಸ್ಸಲ್ಲೇ ಅಂದುಕೊಂಡೆ.

ಆ ರಾತ್ರಿ ಅಮೆರಿಕದಲ್ಲಿರುವ ಚಿಕ್ಕಮ್ಮನ ಮಗಳಿಗೆ ಫೋನ್ ಮಾಡಿದೆ. ಅವಳು ಅಲ್ಲಿ ಯುನಿವರ್ಸಿಟಿಯಲ್ಲಿ ಓದಿದವಳು. ಮುಸ್ಲಿಂ ಚಾಪ್ಲಿನ್ ಅಂತ ಇರುತ್ತಾರಾ ಅಂತ ಕೇಳಿದರೆ ಅವಳಿಗೇ ಆಶ್ಚರ್ಯ. ಎಷ್ಟೋ ಕಡೆ ಇದ್ದಾರಂತೆ. ಜಾರ್ಜ್‌ಟೌನ್ ಯುನಿವರ್ಸಿಟಿ ಜೆಸ್ವಿಟ್ ಪಾದ್ರಿಗಳದ್ದು, ಅಲ್ಲಿ 1999ರಲ್ಲೇ ಯಾಹ್ಯಾ ಹೆಂದಿ ಎಂಬ ಇಮಾಮರನ್ನು ಪೂರ್ತಿ ಸಮಯದ ಕೆಲಸಕ್ಕೆ ತೆಗೆದುಕೊಂಡಿದ್ದರು. ಹಾರ್ಟ್‌ಫರ್ಡ್‌ನ ಸೆಮಿನರಿಯಲ್ಲಿ ಇದಕ್ಕಾಗಿ ಕೋರ್ಸೇ ಉಂಟು, ಗಂಡಸರೂ ಹೆಂಗಸರೂ ಕಲಿಯುತ್ತಾರೆ. "ಅವರು ಎಂತ ಮಾಡುವುದು?" ಅಂತ ಕೇಳಿದೆ. "ಜಾಸ್ತಿ ಹೊತ್ತು ಸುಮ್ನೆ ಕೂರುತ್ತಾರೆ. ಚಹಾ ಕೊಡುತ್ತಾರೆ" ಅಂದಳು. ಅವಳಿಗೂ ಥ್ಯಾಂಕ್ಸ್. ಅಲ್ಲಿ ಹಗಲು, ನನಗೆ ರಾತ್ರಿ ಎರಡು ಗಂಟೆ. ಎಷ್ಟೋ ದಿನ ಅವಳ ಊಟದ ಹೊತ್ತನ್ನು ನಾನು ತಿಂದೆ.

ಸುಮ್ನೆ ಕೂರುವುದು ಸುಲಭ ಅಂದುಕೊಂಡಿದ್ದೆ. ಅಲ್ಲ.

ಮಾರ್ಚ್ ಮುಗಿಯುವಾಗ ದೆಹಲಿಯ ನಿಜಾಮುದ್ದೀನ್‌ನ ತಬ್ಲೀಗಿ ಸಭೆಯಲ್ಲಿ ರೋಗ ಹರಡಿದ ಸುದ್ದಿ ಬಂತು. ರೋಗಕ್ಕೂ ಒಂದು ಜಾತಿ ಸಿಕ್ಕಿತು. ನಮ್ಮ ಮಕ್ಕಳ ಫೋನಿಗೆ ಬರುತ್ತಿದ್ದ ವಿಡಿಯೋಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ತರಕಾರಿ ತರುತ್ತಿದ್ದವರೊಬ್ಬರು "ಒಳಗೆ ಅವರಿದ್ದಾರಾ?" ಅಂತ ಕೇಳಿ ಗಾಡಿ ತಿರುಗಿಸಿಕೊಂಡು ಹೋದರು. ಅದಕ್ಕಿಂತ ಜಾಸ್ತಿ ನೋವಾದದ್ದು ಒಳಗಿನ ಒಂದು ಸಣ್ಣ ವಿಷಯ. ಎರಡು ವರ್ಷ ಒಂದೇ ಕೋಣೆಯಲ್ಲಿದ್ದ ಗೆಳತಿಯೊಬ್ಬಳು ಒಂದು ಮಾತೂ ಆಡದೆ ಹಾಸಿಗೆ ಸುತ್ತಿಕೊಂಡು ಮೇಲಿನ ಮಹಡಿಗೆ ಹೋದಳು. ಗಲ್ಫ್ ಅಪ್ಪನ ಮಗಳು ಖಾಲಿ ಮಂಚ ನೋಡುತ್ತ ಕೂತಳು. ಏನು ಹೇಳಬೇಕು ಅಂತ ನನಗೆ ತಿಳಿಯಲಿಲ್ಲ. ಪಕ್ಕದಲ್ಲಿ ಕೂತೆ. ಆವತ್ತು ಗೊತ್ತಿಲ್ಲದೆ ಸರಿಯಾದ ಕೆಲಸ ಮಾಡಿದ್ದೆ.

ಮೇಲಕ್ಕೆ ಹೋದ ಹುಡುಗಿಗೂ ಥ್ಯಾಂಕ್ಸ್ ಉಂಟು. ರಮಝಾನ್ ಶುರುವಾಗಿ ಒಂದು ವಾರಕ್ಕೆ ಹಾಸಿಗೆ ಹೊತ್ತುಕೊಂಡು ಕೆಳಗೆ ಬಂದಳು. ಮೇಲೆ ಫ್ಯಾನ್ ಕೆಟ್ಟಿದೆ ಅಂದಳು. ನಾನು ಆಮೇಲೆ ಹೋಗಿ ನೋಡಿದ್ದೇನೆ. ಫ್ಯಾನ್ ಚೆನ್ನಾಗಿಯೇ ತಿರುಗುತ್ತಿತ್ತು. ಯಾರಿಗೂ ಹೇಳಿಲ್ಲ, ಇವತ್ತಿನವರೆಗೆ.

ಇನ್ನು ಉಸ್ತಾದ್. ಬಂದರ್ ಕಡೆಯ ಒಬ್ಬ ವಯಸ್ಸಾದ ಉಸ್ತಾದ್ ದಿನಕ್ಕೆ ಹತ್ತು ಸಲ ನನ್ನ ಫೋನ್ ಎತ್ತಿದರು. ಏಪ್ರಿಲ್ 23ರ ರಾತ್ರಿ ಕೇರಳದಲ್ಲಿ ಚಂದ್ರ ಕಂಡ ಸುದ್ದಿ ಬಂತು. ನಮ್ಮ ಕರಾವಳಿಯವರಿಗೆ 24ರ ಶುಕ್ರವಾರವೇ ಮೊದಲ ನೋಂಬು, ಅಂದರೆ ಉಪವಾಸ. ಘಟ್ಟದ ಮೇಲೆ 25ಕ್ಕೆ. ಕಲಬುರಗಿಯವಳು ಗಾಬರಿಯಲ್ಲಿ ಓಡಿ ಬಂದಳು. "ಆಪಾ, ನಾ ಯಾರ ಚಂದ್ರನ್ನ ಹಿಡೀಲಿ?" ಉಸ್ತಾದ್‌ಗೆ ಫೋನ್ ಹಚ್ಚಿದೆ. "ಅವಳ ಕಾಲು ಎಲ್ಲುಂಟು? ಮಂಗಳೂರಲ್ಲಿ ಅಲ್ವಾ? ಹಾಗಾದರೆ ಮಂಗಳೂರಿನ ಚಂದ್ರ" ಅಂದರು.

ಮಸೀದಿಗಳು ಮುಚ್ಚಿದ್ದವು. ರಮಝಾನ್ ರಾತ್ರಿಯ ತರಾವೀಹ್ ನಮಾಝ್‌ಗೆ ಹಾಸ್ಟೆಲ್‌ನ ಟಿವಿ ಕೋಣೆಯಲ್ಲೇ ಬೆಡ್‌ಶೀಟ್ ಹಾಸಿದೆವು. ನಮಾಝ್ ಮಾಡುವ ಕ್ರಮದಲ್ಲಿ ನಾವು ಕರಾವಳಿಯವರು ಶಾಫಿ ಪಂಥ, ಕಲಬುರಗಿಯವಳು ಹನಫಿ. ನಮ್ಮ ಅಸರ್, ಅಂದರೆ ಸಂಜೆಯ ನಮಾಝ್, ಆಗಿ ಒಂದು ಗಂಟೆ ಕಳೆದ ಮೇಲೆ ಅವಳದ್ದು. ಶಾಫಿಯಲ್ಲಿ ಹೆಂಗಸು ಹೆಂಗಸರಿಗೆ ಇಮಾಮ್ ಆಗಬಹುದು, ಮುಂದೆ ನಿಲ್ಲದೆ ಸಾಲಿನ ನಡುವೆ ನಿಲ್ಲಬೇಕು. ಹನಫಿಯಲ್ಲಿ ಅದು ಇಷ್ಟವಾದ ವಿಷಯ ಅಲ್ಲ. ಅವಳಿಗೆ ಸಂಕಟ. ಉಸ್ತಾದ್ ನಕ್ಕುಬಿಟ್ಟರು. "ಅವಳು ಪಕ್ಕದಲ್ಲಿ ಒಬ್ಬಳೇ ಮಾಡಲಿ. ಗಂಜಿ ಮಾತ್ರ ಒಟ್ಟಿಗೆ ಕುಡೀರಿ." ದೊಡ್ಡ ದೊಡ್ಡ ಭಾಷಣ ಕೇಳಿದ್ದೇನೆ, ಇಷ್ಟು ಬೇಗ ಜಗಳ ಬಗೆಹರಿದದ್ದು ನೋಡಿಲ್ಲ.

ಗಂಜಿ ಅಂದೆ ಅಲ್ವಾ. ಆ ಗಂಜಿ ಮಾಡಿದ ಅಕ್ಕನ ಬಗ್ಗೆ ಬರೆಯುವಾಗ ನನ್ನ ಕೈ ನಿಧಾನ ಆಗುತ್ತದೆ. ಹಾಸ್ಟೆಲ್ ಅಡುಗೆಯವರಲ್ಲಿ ಉಳಿದದ್ದು ಅವರೊಬ್ಬರೇ. ತುಳು ಮಾತಾಡುವವರು. ಮನೆಗೆ ಹೋಗಬಹುದಿತ್ತು, ಹೋಗಲಿಲ್ಲ. ನೋಂಬಿನ ನಸುಕಿನ ಊಟ ಸಹರಿಗೆ ಮೂರು ಗಂಟೆಗೆ ಏಳಬೇಕು. ನಾವೇ ಮಾಡಿಕೊಳ್ಳುತ್ತೇವೆ ಅಂದರೆ, ನನ್ನ ಒಲೆ ಮುಟ್ಟಿದರೆ ನೋಡಿ ಅಂತ ಗದರಿದರು. ಹಗಲು ಉಳಿದ ಹತ್ತು ಹುಡುಗಿಯರಿಗೆ ಬೇಯಿಸಿ, ಸಂಜೆ ನಮಗೆ ಮೆಂತ್ಯೆ ಹಾಕಿದ ಗಂಜಿ. ದ್ವೀಪದ ಹುಡುಗಿಯಿಂದ ಕೇಳಿ ಕಲಿತು ತರಿ ಮಾಡಿದರು. ರವೆ, ಹಾಲು, ಮೇಲೆ ತುಪ್ಪದಲ್ಲಿ ಹುರಿದ ಸಣ್ಣ ಈರುಳ್ಳಿ. ಈರುಳ್ಳಿ ಪಾಯಸ ಅಂತ ಅವರು ಅದಕ್ಕೆ ಹೆಸರಿಟ್ಟರು, ಮುಖ ಸಿಂಡರಿಸಿಕೊಂಡೇ ಎರಡು ಲೋಟ ಕುಡಿದರು. ಯಾರು ತಟ್ಟೆಯಲ್ಲಿ ಬಿಟ್ಟರು, ಯಾರು ಬರಲೇ ಇಲ್ಲ ಅಂತ ಅವರಿಗೆ ಗೊತ್ತಿರುತ್ತಿತ್ತು. ಆ ಮಗು ಎರಡು ದಿನದಿಂದ ಸರಿ ಉಣ್ಣುತ್ತಿಲ್ಲ, ಹೋಗಿ ನೋಡಿ ಅಂತ ನನ್ನನ್ನು ಕಳಿಸುತ್ತಿದ್ದರು. ಹೋಗಿ ನೋಡಿದರೆ ಪ್ರತೀ ಸಲ ಏನೋ ಇರುತ್ತಿತ್ತು. ನಾನು ಬಾಗಿಲು ತಟ್ಟಿ ಏನು ಸಮಾಚಾರ ಅಂತ ಕೇಳಿದರೆ ಹುಡುಗಿಯರು ಏನಿಲ್ಲ ಮೇಡಂ ಅನ್ನುತ್ತಿದ್ದರು. ಅಕ್ಕ ತುಳುವಿನಲ್ಲಿ "ವನಸ್ ಆಂಡಾ?", ಊಟ ಆಯ್ತಾ, ಅಂತ ಕೇಳಿದರೆ ಅತ್ತುಬಿಡುತ್ತಿದ್ದರು.

ಮೇ ಮೊದಲ ವಾರ ಅಮಿನಿಯ ಹುಡುಗಿಯ ಅಜ್ಜ ತೀರಿಕೊಂಡರು. ವಯಸ್ಸಾಗಿತ್ತು. ಮಧ್ಯಾಹ್ನ ಫೋನ್ ಬಂತು, ಅಸರ್ ಹೊತ್ತಿಗೆ ದಫನವೂ ಮುಗಿದಿತ್ತು. ನಾನು ಮಾಡಿದ ದೊಡ್ಡ ತಪ್ಪು ಇಲ್ಲೇ. ಅವಳನ್ನು ಕೂರಿಸಿ ಸಬ್ರ್, ಅಂದರೆ ತಾಳ್ಮೆಯ ಬಗ್ಗೆ ಹೇಳಿದೆ. ಅಲ್ಲಾಹನ ತೀರ್ಮಾನದ ಬಗ್ಗೆ ಹೇಳಿದೆ. ರಮಝಾನ್‌ನಲ್ಲಿ ಸಾಯುವವರ ಭಾಗ್ಯದ ಬಗ್ಗೆ ಕೂಡ ಹೇಳಿದೆ. ಹತ್ತು ನಿಮಿಷ ಪಾಠ ಮಾಡಿದ್ದೇನೆ, ಕ್ಲಾಸಲ್ಲಿ ನಿಂತ ಹಾಗೆ. ಅವಳು ಎದ್ದು ಹೋಗಿ ಬಾಗಿಲು ಹಾಕಿಕೊಂಡಳು. ಅಕ್ಕ ಕರೆದರೂ ತೆಗೆಯಲಿಲ್ಲ.

ಫಾದರ್‌ಗೆ ಹೇಳಿದೆ. ಅವರು ಬಯ್ಯಲಿಲ್ಲ. "ಅಜ್ಜ ಹೇಗಿದ್ದರು ಅಂತ ಕೇಳಿದಿರಾ?" ಅಂದರು. ನಾನು ಕೇಳಿರಲಿಲ್ಲ.

ನೋಂಬು ಬಿಟ್ಟ ಮೇಲೆ ಬಾಗಿಲ ಹೊರಗೆ ನೆಲದಲ್ಲಿ ಕೂತು ಬ್ಯಾರಿ ಭಾಷೆಯಲ್ಲೇ ಕೇಳಿದೆ. ಅವಳ ದ್ವೀಪದ ಮಾತು ಜೆಸರಿಯೂ ನಮ್ಮ ಮನೆಮಾತು ಬ್ಯಾರಿಯೂ ಅಕ್ಕಪಕ್ಕದ ಮನೆಯವು, ಅರ್ಥ ಆಗುತ್ತದೆ. ಸ್ವಲ್ಪ ಹೊತ್ತಿಗೆ ಒಳಗಿಂದ ಮಾತು ಬಂತು. ಅಜ್ಜ ಹುಡುಗನಾಗಿದ್ದಾಗ ತನ್ನ ಅಪ್ಪನ ಜೊತೆ ಹಾಯಿಯ ಓಡದಲ್ಲಿ ತೆಂಗಿನ ನಾರಿನ ಹಗ್ಗ ತುಂಬಿಕೊಂಡು ಮಂಗಳೂರು ಬಂದರಿಗೆ ಬರುತ್ತಿದ್ದರಂತೆ. ವಾಪಸು ಹೋಗುವಾಗ ಅಕ್ಕಿ. ಆಗ ಅಮಿನಿ ಇದ್ದದ್ದೇ ನಮ್ಮ ಜಿಲ್ಲೆಯಲ್ಲಿ. 1956ರವರೆಗೆ ಆ ಕಡೆಯ ದ್ವೀಪಗಳು ಆಗಿನ ದಕ್ಷಿಣ ಕನ್ನಡಕ್ಕೆ ಸೇರಿದ್ದವು. ಮೊಮ್ಮಗಳಿಗೆ ಮಂಗಳೂರಿನ ಕಾಲೇಜು ಸಿಕ್ಕಿದಾಗ ಅಜ್ಜ ಹೇಳಿದ್ದು: "ಬೇರೆ ಊರಲ್ಲ, ನಮ್ಮ ಬಂದರೇ." ಅದನ್ನು ಹೇಳುವಾಗ ಬಾಗಿಲು ತೆಗೆದಳು.

ಆ ರಾತ್ರಿ ಉಸ್ತಾದ್ ಫೋನಲ್ಲಿ ಹೇಳಿಕೊಟ್ಟ ಹಾಗೆ ಗಾಯಿಬ್ ಮಯ್ಯಿತ್ ನಮಾಝ್ ಮಾಡಿದೆವು. ದೂರದಲ್ಲಿ ತೀರಿಕೊಂಡವರಿಗೆ ಇದ್ದಲ್ಲಿಂದಲೇ ಮಾಡುವ ನಮಾಝ್ ಅದು, ಶಾಫಿಗಳಲ್ಲಿ ಉಂಟು. ಹನಫಿಗಳಲ್ಲಿ ಇಲ್ಲ. ಕಲಬುರಗಿಯವಳು ಹಿಂದೆ ಕೂತು ಕುರ್‌ಆನ್‌ನ ಯಾಸೀನ್ ಅಧ್ಯಾಯ ಓದಿದಳು. ಬಾಗಿಲ ಹತ್ತಿರ ಅಕ್ಕ ಕೈಕಟ್ಟಿ ನಿಂತಿದ್ದರು. ಫ್ಯಾನ್ ಹುಡುಗಿಯೂ.

ಹಬ್ಬ ಮೇ 24, ಭಾನುವಾರ. ಆ ಭಾನುವಾರ ರಾಜ್ಯದಲ್ಲಿ ಪೂರ್ತಿ ಕರ್ಫ್ಯೂ. ಶನಿವಾರವೇ ಕೋಳಿ ತಂದುಕೊಟ್ಟ ರಿಕ್ಷಾದವರಿಗೆ ಥ್ಯಾಂಕ್ಸ್. ದುಡ್ಡು ಹಬ್ಬದ ಮರುದಿನ ತೆಗೆದುಕೊಳ್ಳುತ್ತೇನೆ ಅಂದವರು ಇವತ್ತಿಗೂ ತೆಗೆದುಕೊಂಡಿಲ್ಲ. ಕಲಬುರಗಿಯಲ್ಲಿ ಹಬ್ಬ ಸೋಮವಾರ. ಅವಳು ಎರಡು ದಿನ ಹಬ್ಬ ಮಾಡಿದಳು, ಎರಡನೆಯದು ವಿಡಿಯೋ ಕಾಲ್‌ನಲ್ಲಿ. ತಲಪಾಡಿಯಲ್ಲಿ ನನ್ನ ಉಮ್ಮನ ಮಾತ್ರೆಯನ್ನು ಮೂರು ಸಲ ಆಚೆ ದಾಟಿಸಿದ ಕಾನ್‌ಸ್ಟೇಬಲ್‌ಗೂ ಥ್ಯಾಂಕ್ಸ್. ಅವರು ಒಂದು ಸಲವೂ ಹೆಸರು ಹೇಳಲಿಲ್ಲ.

ಕಾಲೇಜು ತೆರೆದ ಮೇಲೆ ಫಾದರ್ ಆಡಳಿತ ಮಂಡಳಿಯ ಹತ್ತಿರ ವಾದ ಮಾಡಿ ಲೈಬ್ರರಿ ಪಕ್ಕದ ಕೋಣೆ ಕೊಡಿಸಿದರು. ಎರಡು ಕುರ್ಚಿ, ಒಂದು ಕೆಟಲ್. ಬುಧವಾರ ಮೂರರಿಂದ ಐದು. ಬೋರ್ಡ್‌ನಲ್ಲಿ ಏನು ಬರೆಯುವುದು ಅಂತ ಯಾರಿಗೂ ಹೊಳೆಯಲಿಲ್ಲ, ಹಾಗಾಗಿ ಬೋರ್ಡೇ ಇಲ್ಲ. 2021ರಲ್ಲಿ ಎರಡನೇ ಅಲೆ ಬಂತು. 2022ರ ಫೆಬ್ರವರಿಯಲ್ಲಿ, ಹಿಜಾಬ್ ವಿವಾದದ ದಿನಗಳಲ್ಲಿ, ಆ ಎರಡು ಕುರ್ಚಿ ಸಾಲಲಿಲ್ಲ, ಹುಡುಗಿಯರು ನೆಲದ ಮೇಲೆ ಕೂತರು. ಅದರ ಬಗ್ಗೆ ಬರೆದರೆ ಬೇರೆಯೇ ಬರಹ ಆಗುತ್ತದೆ. ಇವತ್ತು ಬೇಡ.

ಅಮಿನಿಯ ಹುಡುಗಿ ಈಗ ದ್ವೀಪದಲ್ಲೇ ಟೀಚರ್. ಕಳೆದ ವರ್ಷ ಯಾರದ್ದೋ ಕೈಯಲ್ಲಿ ಒಂದು ಸುತ್ತು ನಾರಿನ ಹಗ್ಗ ಕಳಿಸಿದ್ದಳು. ಅಜ್ಜ ಹೊಸೆದದ್ದಂತೆ. ಕೋಣೆಯ ಕಿಟಕಿ ಗಾಳಿಗೆ ಬಡಿಯದ ಹಾಗೆ ಅದರಲ್ಲೇ ಕಟ್ಟಿದ್ದೇನೆ. ಫಾದರ್ ಈಗ ನಿವೃತ್ತರ ಮನೆಯಲ್ಲಿದ್ದಾರೆ, ಕಿವಿ ಸ್ವಲ್ಪ ಮಂದ. ಇದನ್ನು ಅವರಿಗೆ ಯಾರಾದರೂ ಗಟ್ಟಿಯಾಗಿ ಓದಿ ಹೇಳಿ.

ಹೊಸ ಟೀಚರ್‌ಗೆ ಒಂದೆರಡು ಮಾತು. ಕೆಟಲ್‌ನ ವಯರ್ ಸ್ವಲ್ಪ ಓರೆ ಹಿಡಿದರೆ ಮಾತ್ರ ಬಿಸಿಯಾಗುತ್ತದೆ. ಸಕ್ಕರೆ ಡಬ್ಬಕ್ಕೆ ಇರುವೆ ಬರುತ್ತದೆ, ಬಟ್ಟಲಲ್ಲಿ ನೀರು ಹಾಕಿ ಇಡಿ. ಆ ಹಗ್ಗ ಬಿಚ್ಚಬೇಡಿ.