ಭಾನುವಾರದ ಓದು: ಉಪ್ಪು ತಡೆಯುವ ಭತ್ತ

ಗೆಳೆಯರೇ, ಈ ಸಲ ಭತ್ತದ ಆರ್‌ಎನ್‌ಎ-ಸೀಕ್ (ಯಾವ ಜೀನ್ ಎಷ್ಟು ಚಾಲೂ ಇದೆ ಅಂತ ಅಳೆಯುವ ವಿಧಾನ) ದತ್ತಾಂಶವನ್ನೇ ತಗೊಳ್ಳೋಣ. ಸಿಂಧನೂರು, ಗಂಗಾವತಿ ಕಡೆಯ ಸವಳು ಗದ್ದೆ ಕಂಡವರಿಗೆ ಕಾರಣ ಹೇಳಬೇಕಿಲ್ಲ.

ಭತ್ತದ ಜೀನೋಮ್ 2005ರಲ್ಲೇ ಪ್ರಕಟವಾಗಿದೆ. 1ನೇ ಕ್ರೋಮೋಸೋಮಿನ ಸಾಲ್ಟಾಲ್ ಅನ್ನೋ, ಉಪ್ಪು ತಡೆಯುವ ಗುಣಕ್ಕೆ ನಂಟಿರುವ ಭಾಗದಲ್ಲಿ ಒಂದು ಎಚ್‌ಕೆಟಿ (ಸೋಡಿಯಂ ಸಾಗಿಸುವ ಪ್ರೋಟೀನಿನ) ಜೀನ್ ಇದೆ. ಎಲೆಗೆ ಏರುವ ಸೋಡಿಯಂ ಅನ್ನು ಅದು ಬೇರಿನ ಹತ್ತಿರವೇ ತಡೆಯುತ್ತದೆ. ಆದರೆ ಜೀನ್ ಇದ್ದರಷ್ಟೇ ಸಾಲದು. ಅದನ್ನು ಯಾವಾಗ, ಎಷ್ಟು ಚಾಲೂ ಮಾಡುವವರು ಯಾರು? ನನಗೆ ಇದೇ ಮುಖ್ಯ ಪ್ರಶ್ನೆ.

ಬೇರು, ಎಲೆಯ ಮಾದರಿಗಳನ್ನು ದಯವಿಟ್ಟು ಬೆರೆಸಬೇಡಿ. ಬೆರೆಸಿದರೆ ಒಟ್ಟಿಗೆ ಏರಿಳಿಯುವ ಜೀನ್‌ಗಳನ್ನು ಜೋಡಿಸಿ ನಾವು ಮಾಡುವ ನೆಟ್‌ವರ್ಕ್ ತೋರಿಸುವುದು ಹೆಚ್ಚಾಗಿ ಅಂಗಾಂಶಗಳ ವ್ಯತ್ಯಾಸವನ್ನು, ಉಪ್ಪಿನ ಪರಿಣಾಮವನ್ನಲ್ಲ. ಜೀನ್ ಚಟುವಟಿಕೆಯ ವ್ಯತ್ಯಾಸ ಹುಡುಕುವ ಡಿಸೆಕ್2 (DESeq2) ತಂತ್ರಾಂಶಕ್ಕೆ ಮೂಲ ಎಣಿಕೆಗಳನ್ನೇ ಕೊಡಿ, ಟಿಪಿಎಂ (ಜೀನಿನ ಉದ್ದ, ಒಟ್ಟು ಎಣಿಕೆಗೆ ಸರಿಹೊಂದಿಸಿದ ಅಂಕಿ) ಬೇಡ. ಎರಡು ಜೀನ್ ಒಟ್ಟಿಗೆ ಏರಿಳಿದ ಮಾತ್ರಕ್ಕೆ ಒಂದು ಇನ್ನೊಂದನ್ನು ನಿಯಂತ್ರಿಸುತ್ತದೆ ಅಂತ ಬರೆಯಬೇಡಿ. ಅದಕ್ಕೆ ಚಿಪ್-ಸೀಕ್‌ನಂಥ (ಪ್ರೋಟೀನ್ ಡಿಎನ್‌ಎಯ ಎಲ್ಲೆಲ್ಲಿ ಕೂರುತ್ತದೆ ಅಂತ ತೋರಿಸುವ ವಿಧಾನ) ಪುರಾವೆ ಬೇಕು.

ಲ್ಯಾಪ್‌ಟಾಪಿನಲ್ಲಿ ಆರ್ (R ಅನ್ನೋ ಲೆಕ್ಕಾಚಾರದ ತಂತ್ರಾಂಶ) ಹಾಕಿಕೊಂಡೇ ಬನ್ನಿ.