ಬರುವುದಾದರೆ ಬಾವಿ ತೊಳೆಯಲು ಬಾ

ಪ್ರೀತಿಯ ಗೆಳೆಯಾ,

ಸೇವೆ ಅಂದರೇನು ಅಂತ ಎರಡು ಪುಟ ಕೇಳಿದ್ದೀಯಲ್ಲ ಮಾರಾಯ, ನನ್ನ ಉತ್ತರದ ತುಂಬ ಕೆಸರೇ ಇದೆ. 2019 ಮತ್ತು 2021ರಂತೆ ಗಂಗಾವಳಿಯೋ ಕಾಳಿಯೋ ಹೊಳೆ ಉಕ್ಕಿದಾಗ ಅಕ್ಕಿ, ಹೊದಿಕೆ ಹೇಗೋ ಬರುತ್ತವೆ. ಹಳೇ ಬಟ್ಟೆಯಂತೂ ಶಾಲೆಯ ಜಗುಲಿಯಲ್ಲಿ ರಾಶಿ ಬೀಳುತ್ತದೆ. ಫೋಟೋಕ್ಕೆ ಚೆಂದ ಕಾಣದ ಬಾವಿಯ ಕಡೆ ಮಾತ್ರ ಯಾರೂ ತಿರುಗುವುದಿಲ್ಲ. ಹತ್ತಿರದ ಪಾಯಿಖಾನೆ ಗುಂಡಿಯೂ ಬಾವಿಯೂ ಒಂದೇ ನೀರಲ್ಲಿ ಮುಳುಗಿರುತ್ತವೆ, ಅದೇ ನೀರನ್ನು ಕುಡಿಯಬೇಕು.

ಮೊದಲು ಬಾವಿ ಇರುವ ಮನೆಯಲ್ಲಿ ದಿನಾ ನೀರು ಸೇದುವವರನ್ನು ಕೇಳು. ಬೇಸಿಗೆಯಲ್ಲಿ ಒರತೆ ಎಷ್ಟು, ಯಾವ ತಿಂಗಳಿಂದ ಉಪ್ಪಾಗುತ್ತದೆ, ಒಳಗೆ ಯಾವ ಕಲ್ಲು ಸಡಿಲ, ಎಲ್ಲ ಅವರಿಗೆ ಗೊತ್ತು. ಕೇಳದೆ ಪಂಪ್ ಇಳಿಸುವುದು ಉಪಕಾರವಲ್ಲ, ಅಧಿಕಪ್ರಸಂಗ.

ನೆರೆ ಇಳಿದ ಮರುದಿನವೇ ಬಾವಿ ಬತ್ತಿಸಬೇಡ. ಸುತ್ತಲಿನ ಮಣ್ಣು ನೀರು ಕುಡಿದು ಭಾರವಾಗಿರುತ್ತದೆ. ಒಳಗಿನ ನೀರು ಒಮ್ಮೆಲೇ ಹೋದರೆ ಹೊರಗಿನ ಒತ್ತಡಕ್ಕೆ ಚಿರೆಕಲ್ಲಿನ ಕಟ್ಟು ಒಳಕ್ಕೆ ಕುಸಿಯಬಹುದು. ಸ್ವಲ್ಪ ಸ್ವಲ್ಪವೇ ತೆಗೆ. ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರವಾದರೆ ಇನ್ನೂ ನಿಧಾನ, ಜೋರಾಗಿ ಎಳೆದರೆ ಅಡಿಯಿಂದ ಉಪ್ಪುನೀರು ಏರುತ್ತದೆ. ಆ ಉಪ್ಪು ಕುದಿಸಿದರೂ ಹೋಗುವುದಿಲ್ಲ, ಔಷಧಿ ಹಾಕಿದರೂ ಹೋಗುವುದಿಲ್ಲ.

ಎಂಜಿನ್ ಪಂಪನ್ನು ಬಾವಿಯೊಳಗೆ ಇಡಲೇಬಾರದು. ದೀಪ ಇಳಿಸಿ ನೋಡುವ ಹಳೇ ಪದ್ಧತಿ ಇದೆಯಲ್ಲ, ದೀಪ ಆರಿದರೆ ಇಳಿಯಬೇಡ, ಸರಿ. ಆದರೆ ಎಂಜಿನ್ ಹೊಗೆಯ ವಿಷ ದೀಪ ಆರಿಸದೆಯೂ ಮನುಷ್ಯನನ್ನು ಕೊಲ್ಲುತ್ತದೆ. ಇಳಿಯುವವನ ಸೊಂಟಕ್ಕೆ ಹಗ್ಗ ಇರಲಿ, ಮೇಲೆ ಇಬ್ಬರು ಇರಲಿ. ಕಾಲಿಗೆ ಗಾಯವಿದ್ದವನು ಕೆಸರಿಗೆ ಇಳಿಯುವುದೇ ಬೇಡ, ಇಲಿಜ್ವರದ ಭಯ. ತಿಂಗಳೊಳಗೆ ಯಾರಿಗಾದರೂ ಜ್ವರ ಬಂದರೆ ‘ನೆರೆಯ ಕೆಸರು ತುಳಿದಿದ್ದೆ’ ಎಂದು ಡಾಕ್ಟರಿಗೆ ಹೇಳಬೇಕು.

ರಾಡಿ ಎತ್ತಿ, ಒಳಗೋಡೆ ಉಜ್ಜಿ, ಹೊಸ ನೀರು ತಿಳಿಯಾದ ಮೇಲೆ ಬ್ಲೀಚಿಂಗ್ ಪೌಡರ್. ಕದಡಿದ ನೀರಿಗೆ ಹಾಕಿದರೆ ಅದರ ಶಕ್ತಿಯೆಲ್ಲ ಕೆಸರಿಗೇ ಖರ್ಚು. ಒಳ್ಳೆಯ ಪೌಡರ್ ಆದರೆ 1000 ಲೀಟರಿಗೆ ಸುಮಾರು 2.5 ಗ್ರಾಂ. ಮೀಟರಿನಲ್ಲಿ ಬಾವಿಯ ವ್ಯಾಸವನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಮತ್ತೆ 785ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 3 ಮೀಟರ್ ಅಗಲ, 4 ಮೀಟರ್ ನೀರು ಇದ್ದರೆ ಸುಮಾರು 28,000 ಲೀಟರ್, ಪೌಡರ್ 70 ಗ್ರಾಂ. ಅಂಗಡಿಯ ತಕ್ಕಡಿಯಲ್ಲಿ ತೂಗಿಸು. ಬೊಗಸೆ ಲೆಕ್ಕ ಬೇಡ: ಹೆಚ್ಚಾದರೆ ವಾಸನೆಗೆ ಬೇಸತ್ತು ಜನ ಮತ್ತೆ ಹೊಳೆಗೇ ಹೋಗುತ್ತಾರೆ. ನಮ್ಮ ಮಳೆಗಾಲದ ತೇವಕ್ಕೆ ಗಂಟುಕಟ್ಟಿ ಘಾಟು ಕಳೆದುಕೊಂಡ ಪೌಡರ್ ಸುಣ್ಣಕ್ಕೆ ಸಮ.

ಪೌಡರನ್ನು ಪ್ಲಾಸ್ಟಿಕ್ ಬಕೆಟ್‌ನಲ್ಲಿ ಮೊದಲು ಗೊಜ್ಜಿನ ಹದಕ್ಕೆ ಕಲಸಿ, ಮುಕ್ಕಾಲು ಬಕೆಟ್ ನೀರು ಬೆರೆಸಿ ಹತ್ತು ನಿಮಿಷ ಬಿಡು. ತಳದ ಸುಣ್ಣ ಚೆಲ್ಲು, ಅದು ಬಾವಿಗೆ ಬಿದ್ದರೆ ನೀರು ಗಡಸಾಗುತ್ತದೆ. ತಿಳಿಯನ್ನು ಇನ್ನೊಂದು ಬಕೆಟ್‌ಗೆ ಬಗ್ಗಿಸಿ, ಹಗ್ಗ ಕಟ್ಟಿ ನೀರೊಳಗೆ ಇಳಿಸಿ ಮೇಲೆ ಕೆಳಗೆ ಅತ್ತ ಇತ್ತ ಜೋರಾಗಿ ಆಡಿಸು. ರಾತ್ರಿ ಹಾಕುವುದು ಅನುಕೂಲ, ಒಂದು ಗಂಟೆಯಾದರೂ ಯಾರೂ ಸೇದಬಾರದು. ಆಮೇಲೆ ಆರೋಗ್ಯ ಸಿಬ್ಬಂದಿಯ ಕಿಟ್‌ನಲ್ಲಿ ನೋಡಿಸು: ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಇಲ್ಲದಿದ್ದರೆ ಮತ್ತೆ ಹಾಕಬೇಕು. ಅಲ್ಲಿಯವರೆಗೆ ಕುಡಿಯುವ ನೀರು ಹೊರಗಿನಿಂದ ಬರಲಿ.

ಹೊರಡುವಾಗ ಬಾವಿಯ ವ್ಯಾಸವನ್ನು ಬಾವಿಕಟ್ಟೆಯ ಮೇಲೆ ಬಣ್ಣದಲ್ಲಿ ಬರೆದಿಡು. ಉಳಿದ ಪೌಡರನ್ನು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಮಕ್ಕಳ ಕೈಗೆ ಎಟುಕದಂತೆ ಇಡಲು ಹೇಳಿ ಮನೆಯವರಿಗೇ ಕೊಡು. ಎರಡನೇ ಸಲ ಲೆಕ್ಕ ಅವರೇ ಹಾಕಲಿ, ನೀನು ಪಕ್ಕದಲ್ಲಿ ಹಗ್ಗ ಹಿಡಿದು ನಿಂತರೆ ಸಾಕು.

ಬರುವಾಗ ಗಮ್‌ಬೂಟು ತಾ. ಇಲ್ಲಿ ನಿನ್ನ ಅಳತೆಯದು ಸಿಗುವುದಿಲ್ಲ.

ಇಂತಿ ನಿನ್ನ
ಅಂಕೋಲೆಯ ಗೆಳೆಯ