ಆಡದಿದ್ದರೂ 2 ಅಂಕ ಯಾಕೆ?

ಮಾನ್ಯರೇ,

ಆಸ್ಟ್ರೇಲಿಯಾದ ಎನ್‌ಆರ್‌ಎಲ್ ರಗ್ಬಿ ಲೀಗ್ ನೋಡುವವರಿಗೆ ಅಂಕಪಟ್ಟಿಯ ತಲೆನೋವು ಗೊತ್ತೇ ಇದೆ. 2023ರಲ್ಲಿ ಡಾಲ್ಫಿನ್ಸ್ ಬಂದ ಮೇಲೆ ತಂಡಗಳು 17 ಆದವು, ಬೆಸ ಸಂಖ್ಯೆ ಅಲ್ವಾ, ಹಾಗಾಗಿ ಪ್ರತಿ ಸುತ್ತಿನಲ್ಲೂ ಒಂದಾದರೂ ತಂಡಕ್ಕೆ ರಜೆ, ಮನೆಯಲ್ಲಿ ಕೂತಿದ್ದಕ್ಕೆ 2 ಅಂಕ! ಕೊನೆಗೆ ಎಲ್ಲರಿಗೂ ಸಮ ಆಗುತ್ತೆ, ನಿಜ. ಆದರೆ ಅಲ್ಲಿಯವರೆಗೆ ಯಾರು ಮುಂದಿದ್ದಾರೆ ಅಂತ ಪಟ್ಟಿ ನೋಡಿ ಹೇಳೋದು ಹೇಗೆ? ಈ ರಜೆಯ ಅಂಕ ತೆಗೆದುಹಾಕಲಿ.

ಇದಕ್ಕಿಂತ ಬೇಸರ ಗೋಲ್ಡನ್ ಪಾಯಿಂಟ್‌ನದು, ಅಂದರೆ ಪಂದ್ಯ ಸಮವಾದರೆ ಮೊದಲು ಅಂಕ ಗಳಿಸಿದವರೇ ಗೆದ್ದಂತೆ ಅನ್ನೋ ನಿಯಮ. 80 ನಿಮಿಷ ಸಮಸಮ ಹೋರಾಡಿ, ಹೆಚ್ಚುವರಿ ಅವಧಿಯಲ್ಲಿ ಒಬ್ಬ ದೂರದಿಂದ ಒದ್ದ ಚೆಂಡು ಕಂಬಗಳ ನಡುವೆ ಹೋದರೆ ಮುಗೀತು, ಸೋತವರಿಗೆ ಸೊನ್ನೆ. ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತೋದು) ಗಳಿಸುವ ಆಸೆಯೇ ಯಾರಲ್ಲೂ ಕಾಣಲ್ಲ, ನಾಲ್ಕೈದು ಟ್ಯಾಕಲ್ ಸುಮ್ನೆ ಚೆಂಡು ಹಿಡಿದು ನುಗ್ಗೋದು, ಕಂಬದ ನೇರಕ್ಕೆ ಬಂದು ಒದೆಯೋದು. ಸೋತವರಿಗೂ 1 ಅಂಕ ಕೊಡಲಿ.

ಇನ್ನು ಬಂಕರ್, ಅಂದರೆ ವಿಡಿಯೋ ರೆಫರಿ. ಚೆಂಡಿಲ್ಲದ ಆಟಗಾರ ಎದುರಾಳಿಗೆ ಅಡ್ಡ ಬಂದನಾ, ಭುಜ ತಾಗಿತಾ ಇಲ್ವಾ ಅಂತ ನಿಧಾನಗತಿಯಲ್ಲಿ ತಿರುಗಿಸಿ ತಿರುಗಿಸಿ ನೋಡುವಷ್ಟರಲ್ಲಿ ಟ್ರೈ ಗಳಿಸಿದವನ ಖುಷಿಯೇ ಇಳಿದಿರುತ್ತೆ. 60 ಸೆಕೆಂಡಿನಲ್ಲಿ ತಪ್ಪು ಕಾಣದಿದ್ದರೆ ಮೈದಾನದ ರೆಫರಿ ಹೇಳಿದ್ದೇ ಅಂತಿಮವಾಗಲಿ.

2027ಕ್ಕೆ ಪರ್ತ್ ತಂಡವೂ ಸೇರಿ 18 ಆಗುತ್ತವೆ. ಆ ವರ್ಷ ಬೆಸ ಸಂಖ್ಯೆಯ ನೆಪವೂ ಇರಲ್ಲ.

— ಒಬ್ಬ ಅಭಿಮಾನಿ, ಸಿಡ್ನಿ